ಅಮ್ಮನ ಹಾರ್ಟ್ ವಾಲ್ವ್: ತೊಡೆಸಂದಿಂದ ಹಾಕ್ಸೋದಾ, ಎದೇಲಿ ಸಣ್ಣ ಗಾಯ ಮಾಡ್ಸೋದಾ?

ಮಳೆಹನಿ:
ಅಮ್ಮಂಗೆ 69. ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತಿತ್ತು, ವಯಸ್ಸಾಯ್ತಲ್ಲ ಅಂತ ನಾವೂ ಸುಮ್ನಿದ್ವಿ, ಈಗ ಎಕೋ ಮಾಡಿಸಿದ್ರೆ ಅಯೋರ್ಟಿಕ್ ಸ್ಟೆನೋಸಿಸ್, ಅಂದ್ರೆ ಹಾರ್ಟಿಂದ ಮೈಗೆ ರಕ್ತ ಹೋಗೋ ವಾಲ್ವ್ ಕಿರಿದಾಗಿದೆಯಂತೆ, ಅದೂ ಸಿವಿಯರ್, ವಾಲ್ವ್ ಬದಲಾಯಿಸ್ಲೇಬೇಕಂತೆ. ಕಾರ್ಡಿಯಾಲಜಿಸ್ಟ್ ತೊಡೆಸಂದಿಂದ ಹಾಕೋ ಟಾವಿ ಮಾಡೋಣ ಅಂತಾರೆ, ಸರ್ಜನ್ನು ಎದೇಲಿ ಸಣ್ಣ ಗಾಯದ ಮಿನಿ ಸರ್ಜರಿ ಅಂತಾರೆ. ಇಬ್ರೂ ಹೇಳೋದು "ಗಾಯ ಸಣ್ಣದು, ಬೇಗ ವಾಸಿ" ಅಂತಾನೇ. ಮತ್ತೆ ವ್ಯತ್ಯಾಸ ಏನು? ಅಮ್ಮಂಗಂತೂ ಎದೆ ಕೊಯ್ಯೋದು ಅಂದ್ರೇನೇ ಕೈಕಾಲು ತಣ್ಣಗಾಗತ್ತೆ.

ಹಳೇಬೇರು:
ನಮ್ಮಪ್ಪಂಗೆ ಮಿನಿ ಆಗಿದೆ, ಅದಕ್ಕೇ ಹೇಳ್ತೀನಿ, ಗಾಯ ಸಣ್ಣದು ಅಷ್ಟೇ, ಒಳಗಿನ ಕೆಲಸ ಪೂರ್ತಿ ದೊಡ್ಡ ಆಪರೇಷನ್ನೇ. ಎದೆಮೂಳೆನ ಉದ್ದಕ್ಕೂ ಸೀಳಲ್ಲ, ಮೇಲಿನ ಅರ್ಧ ಮಾತ್ರ ಬಿಡಿಸ್ತಾರೆ, ಇಲ್ಲಾ ಬಲಗಡೆ ಪಕ್ಕೆಲುಬಿನ ಸಂದಿಯಿಂದ ಹೋಗ್ತಾರೆ. ಆದ್ರೆ ಹಾರ್ಟ್ ಲಂಗ್ ಮೆಷಿನ್ ಮೇಲೆ ಹಾಕಿ ಹಾರ್ಟ್ ನಿಲ್ಸಿ, ಸುಣ್ಣಗಟ್ಟಿರೋ ಹಳೇ ವಾಲ್ವ್ ಕತ್ತರಿಸಿ ತೆಗೆದು ಹೊಸದನ್ನ ಕೂರಿಸ್ತಾರೆ. ಟಾವೀಲಿ ಹಾರ್ಟ್ ನಿಲ್ಸಲ್ಲ. ತೊಡೆಸಂದಿನ ರಕ್ತನಾಳದಿಂದ ಮಡಚಿದ ವಾಲ್ವ್ ಕಳ್ಸಿ ಹಳೇದ್ರ ಒಳಗೇ ಅರಳಿಸ್ತಾರೆ, ಎಷ್ಟೋ ಜನಕ್ಕೆ ಪೂರ್ತಿ ಅರಿವಳಿಕೆನೂ ಬೇಕಾಗಲ್ಲ. ಅಪ್ಪ ಮೊದಲಿನ ಥರ ಓಡಾಡೋಕೆ ವಾರಗಳೇ ಹಿಡೀತು, ಟಾವಿ ಆದೋರು ಕೆಲವೇ ದಿನದಲ್ಲಿ ಮನೇಲಿರ್ತಾರೆ.

ನಾಡಿಮಿಡಿತ:
ಚೇತರಿಕೆ ಒಂದನ್ನೇ ನೋಡ್ಬೇಡಿ, ಈ ವಾಲ್ವ್ ಸವೆದ್ಮೇಲೆ ಬೇಕಾಗೋ ಎರಡನೇ ವಾಲ್ವ್ ಬಗ್ಗೆ ಈಗ್ಲೇ ಯೋಚ್ನೆ ಮಾಡಿ. ಪ್ರಾಣಿ ಅಂಗಾಂಶದಿಂದ ಮಾಡಿದ ಟಿಶ್ಯೂ ವಾಲ್ವ್ ಸಾಮಾನ್ಯವಾಗಿ 10-15 ವರ್ಷ ಬರತ್ತೆ, ಟಾವೀಲಿ ಹಾಕೋದೆಲ್ಲ ಟಿಶ್ಯೂನೇ. ಮೆಕ್ಯಾನಿಕಲ್ (ಕಾರ್ಬನ್, ಲೋಹದ್ದು) ಬೇಕಂದ್ರೆ ಸರ್ಜರಿನೇ ಆಗ್ಬೇಕು, ಜೀವನಪೂರ್ತಿ ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ, ಅದರ ಅಳತೆ ನೋಡೋಕೆ ಐಎನ್‌ಆರ್ ಅನ್ನೋ ರಕ್ತದ ಟೆಸ್ಟು, ಈ ವಯಸ್ಸಲ್ಲಿ ಅದನ್ನ ಯಾರೂ ಅಷ್ಟಾಗಿ ಹೇಳಲ್ಲ ಬಿಡಿ. ಟಾವಿ ಶುರುವಾಗಿದ್ದು 2002ರಲ್ಲಿ, ಫ್ರಾನ್ಸಿನ ಅಲೆನ್ ಕ್ರಿಬಿಯೇ ಮಾಡಿದ್ದು, ಆಗ ಆಪರೇಷನ್ ತಡೆಯೋ ಶಕ್ತಿ ಇಲ್ದೋರಿಗೆ ಮಾತ್ರ. 2019ರ ಟ್ರಯಲ್‌ಗಳಾದ್ಮೇಲೆ ರಿಸ್ಕ್ ಕಮ್ಮಿ ಇರೋರಿಗೂ ಮಾಡ್ತಿದಾರೆ. ಅಮೆರಿಕದ 2020ರ ಗೈಡ್‌ಲೈನು 65ರಿಂದ 80ರವರೆಗೆ ಎರಡೂ ಆಗತ್ತೆ, ಕೂತು ಮಾತಾಡಿ ಅನ್ನತ್ತೆ, ಯುರೋಪಿನ 2025ರದ್ದು 70 ದಾಟಿದ್ರೆ ಟಾವಿ ಕಡೆ ವಾಲತ್ತೆ. ನಿಮ್ಮಮ್ಮ ಸರಿಯಾಗಿ ಗೆರೆ ಮೇಲೇ ನಿಂತಿದಾರೆ, ಅದಕ್ಕೇ ಇಬ್ರು ಡಾಕ್ಟ್ರು ಎರಡು ಥರ ಹೇಳ್ತಿರೋದು, ಯಾರೂ ಸುಳ್ಳು ಹೇಳ್ತಿಲ್ಲ.

ಹಳೇಬೇರು:
ಹೌದು, ಜೊತೆಗೆ ಪೇಸ್‌ಮೇಕರ್ ವಿಷ್ಯ ಕೇಳ್ಕೊಳ್ಳಿ. ಟಾವಿ ವಾಲ್ವ್ ಅರಳಿದಾಗ ಪಕ್ಕದಲ್ಲೇ ಹೋಗೋ ಹಾರ್ಟಿನ ಕರೆಂಟ್ ಲೈನ್ ಒತ್ತತ್ತೆ, ಇಸಿಜೀಲಿ ರೈಟ್ ಬಂಡಲ್ ಬ್ಲಾಕ್, ಅಂದ್ರೆ ಆ ಲೈನಿನ ಬಲಗವಲಲ್ಲಿ ತಡೆ, ಮೊದಲೇ ಇದ್ರೆ ಪೇಸ್‌ಮೇಕರ್ ಬೇಕಾಗೋ ಸಾಧ್ಯತೆ ಜಾಸ್ತಿ. ವಾಲ್ವ್ ಸುತ್ತ ಸ್ವಲ್ಪ ಲೀಕ್ ಉಳಿಯೋದೂ ಸರ್ಜರಿಗಿಂತ ಟಾವೀಲೇ ಹೆಚ್ಚು. ಸಿಟಿ ಸ್ಕ್ಯಾನ್ ಆಯ್ತಾ?

ಮಳೆಹನಿ:
ಸಿಟಿ ಇನ್ನೂ ಇಲ್ಲ, ಮುಂದಿನ ವಾರ.

ನಾಡಿಮಿಡಿತ:
ಹಾಗಾದ್ರೆ ಇಬ್ರದ್ದೂ ಇನ್ನೂ ಅಂದಾಜೇ. ತೊಡೆ ರಕ್ತನಾಳ ಎಷ್ಟು ಅಗಲ, ವಾಲ್ವಿಗೆ ಮೂರು ಎಸಳಾ ಎರಡಾ, ಹಾರ್ಟಿಗೆ ರಕ್ತ ಕೊಡೋ ಕೊರೊನರಿ ಬಾಯಿ ವಾಲ್ವಿಂದ ಎಷ್ಟು ಮೇಲಿದೆ, ಇದೆಲ್ಲ ಸಿಟೀಲೇ ಸರಿಯಾಗಿ ಗೊತ್ತಾಗೋದು. ರಿಪೋರ್ಟ್ ಬಂದ್ಮೇಲೆ ಇಬ್ರನ್ನೂ ಒಟ್ಟಿಗೆ ಕೂರಿಸಿ ಕೇಳಿ, ಒಬ್ಬೊಬ್ರನ್ನೇ ಕೇಳಿದ್ರೆ ತಲೆ ಕೆಡತ್ತೆ.

ಮಳೆಹನಿ:
ಇಷ್ಟನ್ನೂ ಅಮ್ಮಂಗೆ ಓದಿ ಹೇಳಿದೆ. ಅವ್ರ ಪ್ರಶ್ನೆ ಒಂದೇ, ಹಳೇದನ್ನ ಒಳಗೇ ಬಿಟ್ರೆ ಅದು ಕೊಳೆಯಲ್ವಾ ಅಂತ.

ನಾಡಿಮಿಡಿತ:
😀 ಕೊಳೆಯಲ್ಲ ಅನ್ನಿ. ಹೊಸ ವಾಲ್ವಿಗೆ ಹೊಲಿಗೆನೇ ಇರಲ್ಲ, ಆ ಸುಣ್ಣಗಟ್ಟಿದ ಹಳೇದೇ ಅದನ್ನ ಗಟ್ಟಿಯಾಗಿ ಹಿಡ್ಕೊಳ್ಳೋದು.