ಸಮಸ್ಯೆ: “ನೀರಿಲ್ಲದೆಡೆಯಲ್ಲಿ ಮೀನ ಕಂಡೆ”

ಲಘುಗುರು: ಮೇಲಿನದು ಈ ಸಲದ ಪದ್ಯದ ಕೊನೆಯ ಸಾಲು, ಅದಕ್ಕೆ ಹೊಂದುವ ಮೊದಲ ಮೂರು ಸಾಲು ನೀವು ಬರೆಯಬೇಕು. ಐದೈದು ಮಾತ್ರೆಯ ಗಣ, ನಾಲ್ಕು ಸಾಲು, ಆದಿಪ್ರಾಸ (ಎಲ್ಲ ಸಾಲುಗಳ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ) ಕಡ್ಡಾಯ. ಸಂದರ್ಭ ಹೀಗಿದೆ: ವಸಂತ ಈಗಷ್ಟೇ ಶುರು, ಗಾಳ ಹಾಕುವ ಸೀಸನ್ ಇನ್ನೂ ತೆರೆದಿಲ್ಲ, ನೀರು ಇಳಿದು ದಂಡೆ ಅಗಲವಾಗಿದೆ, ನೀವು ಸುಮ್ನೆ ಓಡಾಡುತ್ತಿದ್ದೀರಿ. ಮೀನರಾಶಿ, ಮೀನಿನ ಅಂಗಡಿ ಅಂತ ತಪ್ಪಿಸಿಕೊಳ್ಳುವ ಹಾಗಿಲ್ಲ!

ಗಾಳದಯ್ಯ: ಮೊದಲು ನಾನೇ.

ಯಾರೊ ಕಳೆದುದು ಹೋದ ವರುಷದಲಿ, ಬಣ್ಣವಿದೆ,
ದಾರವಿದೆ, ಮುಳ್ಳಿಹುದು, ಕಣ್ಣ ಬೊಟ್ಟು |
ಜೋರು ಗಾಳಿಗೆ ಕೊಂಬೆಯಲ್ಲಿ ತೂಗಾಡುತಿರೆ
ನೀರಿಲ್ಲದೆಡೆಯಲ್ಲಿ ಮೀನ ಕಂಡೆ ||

ಅರ್ಥವಾಯ್ತಲ್ವಾ? ಮೀನಿನ ಆಕಾರದ ಪ್ಲಾಸ್ಟಿಕ್ ಆಮಿಷ. ನೀರು ತುಂಬಿದ್ದಾಗ ಕೊಂಬೆಗೆ ಸಿಕ್ಕಿಕೊಂಡದ್ದು ನೀರು ಇಳಿದ ಮೇಲೆ ತಲೆಯ ಮಟ್ಟದಲ್ಲಿ ನೇತಾಡುತ್ತಿರುತ್ತದೆ. ಬಿಡಿಸುವಾಗ ಹುಷಾರು, ತುಕ್ಕು ಹಿಡಿದ ಮುಳ್ಳು. ಬಿಟ್ಟು ಬಂದರೆ ಹಕ್ಕಿಯ ಕಾಲಿಗೆ ಆ ದಾರ ಸುತ್ತಿಕೊಳ್ಳುತ್ತದೆ.

ಕೆಸರುಗಾಲು: ನನ್ನದು ಕೊಕ್ಕರೆ.

ದಡದ ಮರದಲಿ ಬಂದು ಕೊಕ್ಕರೆಯು ಕೂತಿತ್ತು,
ಜಾರಿಕೊಂಡಿತ್ತದರ ಕೊಕ್ಕಿನಿಂದ |
ಆರಿ ಬಿರಿದಿಹ ಕೆಸರ ಮೇಲೆ ಪಟಪಟ ಸದ್ದು,
ನೀರಿಲ್ಲದೆಡೆಯಲ್ಲಿ ಮೀನ ಕಂಡೆ ||

ಲಘುಗುರು: ಚೆನ್ನಾಗಿದೆ, ಆದರೆ ಮೊದಲ ಸಾಲಿನಲ್ಲಿ ಪ್ರಾಸ ತಪ್ಪಿತು. ಎರಡನೇ ಅಕ್ಷರ ‘ರ’ ಆಗಬೇಕು, ಅದರ ಹಿಂದಿನದು ಗುರು ಆಗಬೇಕು. ‘ದಡದ ಮರದಲಿ’ ಬದಲು ‘ದೂರ ಮರದಲಿ’ ಅಂತ ಹಾಕಿ, ಮಾತ್ರೆಯೂ ಕೆಡುವುದಿಲ್ಲ. ಜಾರಿದ್ದು ಏನು ಅಂತ ಕೊನೆಯ ಸಾಲಿನವರೆಗೂ ಹೇಳದೆ, ಬರೀ ಸದ್ದು ಕೇಳಿಸಿದಿರಲ್ಲ, ಅದು ನನಗೆ ಜಾಸ್ತಿ ಹಿಡಿಸಿತು.

ದಂಡೆಕವಿ: ತಡವಾಯಿತು, ತಗೊಳ್ಳಿ.

ತೀರದಲಿ ನಡೆನಡೆದು ಕೊರಡು ಬಂಡೆಯ ನೋಡಿ
ಬೇರುಗಳ ಸಂದಿಯನು ಬರೆದುಕೊಂಡೆ |
ಏರಿ ಬರಲಿಹ ನೀರ ನೆನೆನೆನೆದು ನಿಂದಾಗ
ನೀರಿಲ್ಲದೆಡೆಯಲ್ಲಿ ಮೀನ ಕಂಡೆ ||

ಗಾಳದಯ್ಯ: ಅಯ್ಯೋ, ಇದು ನಿಜವಾಗಿ ದಂಡೆ ಸುತ್ತಿದವರ ಪದ್ಯ! ನೀರು ಇಳಿದಾಗಲೇ ತಳ ಕಣ್ಣಿಗೆ ಬೀಳುವುದು. ಎಲ್ಲಿ ಇಳಿಜಾರು ಥಟ್ಟನೆ ಆಳಕ್ಕೆ ಧುಮುಕುತ್ತದೆ, ಎಲ್ಲಿ ಮರದ ಬೊಡ್ಡೆ ಇದೆ, ಎಲ್ಲಿ ಚಿಪ್ಪು ರಾಶಿ ಬಿದ್ದಿದೆ, ಎಲ್ಲವನ್ನೂ ಈಗಲೇ ಫೋಟೋ ತೆಗೆದಿಟ್ಟುಕೊಂಡರೆ ನೀರು ತುಂಬಿದ ಮೇಲೆ ಗಾಳ ಎಲ್ಲಿ ಬಿಡಬೇಕು ಅಂತ ತಡಕಾಡಬೇಕಿಲ್ಲ. ಆಳ ಕಡಿಮೆಯಿರುವ, ಕಪ್ಪು ಕೆಸರಿನ ಮೂಲೆಗಳನ್ನೂ ಗುರುತು ಮಾಡಿ. ಬಿಸಿಲಿಗೆ ಮೊದಲು ಬೆಚ್ಚಗಾಗುವುದು ಅವೇ.

ಕೆಸರುಗಾಲು: ನಾನಂತೂ ಬೂಟು ಹಾಕಿಕೊಂಡು ನೀರಿಗೇ ಇಳಿದುಬಿಡುತ್ತೇನೆ.

ಗಾಳದಯ್ಯ: ಜಲ್ಲಿ ಕಂಡ ಕಡೆ ಇಳಿಯಬೇಡಿ ಮಾರಾಯ್ರೆ. ಎಷ್ಟೋ ಕಡೆ ಈ ಹೊತ್ತಿನಲ್ಲಿ ಸೀಸನ್ ಮುಚ್ಚಿರುವುದೇ ಮೀನು ಮೊಟ್ಟೆಯಿಡಲಿ ಅಂತ. ಒಂದು ಹೆಜ್ಜೆ ಸಾಕು, ಜಲ್ಲಿಯ ಸಂದಿಯ ಮೊಟ್ಟೆಗಳು ಅಪ್ಪಚ್ಚಿ.

ಲಘುಗುರು: ‘ಬರಲಿಹ’ಕ್ಕೆ ಸ್ವಲ್ಪ ಹಳೇ ವಾಸನೆ ಇದೆ, ಇರಲಿ. ನನ್ನ ಮತ ದಂಡೆಕವಿಗೆ. ಉಳಿದ ಇಬ್ಬರೂ ಮೀನನ್ನು ಎಲ್ಲಿಂದಲೋ ತಂದು ಹಾಕಿದಿರಿ, ಇವರು ಖಾಲಿ ಜಾಗದಲ್ಲೇ ಕಂಡರು. ಮುಂದಿನ ಸಾಲು, ಪ್ರಾಸ ಈ ಸಲ ‘ಳ’: “ಗಾಳವೇ ಮೀನನ್ನು ಕಂಡೋಡಿತು”. ಗಾಳದಯ್ಯ, ನೀವು ಮೊದಲು ಬರೆಯುವ ಹಾಗಿಲ್ಲ.