ಸಿಬಿಸಿಟಿಯಲ್ಲಿ ಬಂದ ದವಡೆ ಮೂಳೆಯ ಅಳತೆ ಎಷ್ಟು ನಂಬಬಹುದು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಕೆಳದವಡೆಯ ಹಿಂಬದಿ ಹಲ್ಲು ತೆಗೆಸಿದ ಜಾಗಕ್ಕೆ ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಹಾಕಿಸಬೇಕು. ಓಪಿಜಿ ಎಕ್ಸ್‌ರೇಯಲ್ಲಿ (ಇಡೀ ದವಡೆ ಒಂದೇ ಚಿತ್ರದಲ್ಲಿ ಬರುವುದು) ನರದ ಮೇಲೆ 14 ಮಿಮೀ ಮೂಳೆ ಇದೆ ಅಂದಿದ್ದರು. ಅದೇ ವಾರ ತೆಗೆಸಿದ ಸಿಬಿಸಿಟಿ ಸ್ಕ್ಯಾನ್‌ನಲ್ಲಿ (ದವಡೆಯ 3ಡಿ ಎಕ್ಸ್‌ರೇ) 11.2 ಅಂತ ಬಂದಿದೆ. ಯಾವುದನ್ನು ನಂಬಲಿ?

ಉತ್ತರ: ಸಿಬಿಸಿಟಿಯನ್ನು ನಂಬಿ. ಓಪಿಜಿ ಚಿತ್ರ ನಿಜಕ್ಕಿಂತ ದೊಡ್ಡದಾಗಿ ಮೂಡುತ್ತದೆ, ಸಾಮಾನ್ಯವಾಗಿ ಶೇಕಡಾ 25ರ ಆಸುಪಾಸು. 14ನ್ನು 1.25ರಿಂದ ಭಾಗಿಸಿ ನೋಡಿ, 11.2 ಬರುತ್ತದೆ! ಇಷ್ಟು ಸರಿಯಾಗಿ ಕೂತದ್ದು ಅದೃಷ್ಟ ಅನ್ನಿ. ಯಂತ್ರ ಬದಲಾದರೆ, ತಲೆ ಇಟ್ಟ ರೀತಿ ಬದಲಾದರೆ ಈ ಪ್ರಮಾಣವೂ ಬದಲಾಗುತ್ತದೆ.

ಸಿಬಿಸಿಟಿಯಲ್ಲಿ ಈ ಹಿಗ್ಗುವಿಕೆ ಇಲ್ಲ. ಒಣಗಿದ ದವಡೆಗಳನ್ನು ಸ್ಕ್ಯಾನ್ ಮಾಡಿ, ಆಮೇಲೆ ಕ್ಯಾಲಿಪರ್‌ನಲ್ಲಿ ಅಳೆದು ಹೋಲಿಸಿದಾಗ ವ್ಯತ್ಯಾಸ ಹೆಚ್ಚಾಗಿ 1 ಮಿಮೀ ಒಳಗೇ ಇರುತ್ತದೆ, ಎಷ್ಟೋ ಸಲ ಅರ್ಧಕ್ಕಿಂತ ಕಡಿಮೆ. ಆದರೆ ಒಣ ಮೂಳೆ ಅಲುಗಾಡುವುದಿಲ್ಲ, ಉಗುಳು ನುಂಗುವುದಿಲ್ಲ. ನಾವು ಹಾಗಲ್ಲ. ಹಾಗಾಗಿ 11.2ರಲ್ಲಿ ಆ ‘.2’ಗೆ ಜಾಸ್ತಿ ಬೆಲೆ ಕೊಡಬೇಡಿ.

ನರಕ್ಕೂ ಇಂಪ್ಲಾಂಟ್‌ಗೂ ನಡುವೆ ಕನಿಷ್ಠ 2 ಮಿಮೀ ಬಿಡುವುದು ಇದಕ್ಕೇ. ಡ್ರಿಲ್‌ನ ತುದಿ ಚೂಪಾಗಿರುವುದರಿಂದ ಅದರ ಮೇಲಿನ ಗುರುತಿಗಿಂತ ಸ್ವಲ್ಪ ಆಳಕ್ಕೂ ಇಳಿಯುತ್ತದೆ. ನಿಮ್ಮ ಡಾಕ್ಟರು 8 ಮಿಮೀ ಇಂಪ್ಲಾಂಟ್ ಸಾಕು ಅಂದರೆ ಬೇಜಾರು ಬೇಡ, ಅದು ಸರಿಯಾದ ಎಚ್ಚರ.

ನನ್ನ ಪ್ರಕಾರ ತಪ್ಪು ಯಂತ್ರಕ್ಕಿಂತ ಅಳೆಯುವ ಕೈಯಲ್ಲೇ ಜಾಸ್ತಿ. ಚಿತ್ರವನ್ನು ದವಡೆಗೆ ನೇರ ಅಡ್ಡವಾಗಿ ಕತ್ತರಿಸಿ ನೋಡಬೇಕು. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದವಾಗುತ್ತಲ್ಲ, ಹಾಗೆ ಓರೆ ಕತ್ತರಿಕೆಯಲ್ಲಿ ಮೂಳೆ ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ಇನ್ನೊಂದು, ಮೂಳೆಯ ಮೇಲಂಚು ಕತ್ತಿಯ ಅಲಗಿನಂತೆ ಸಣ್ಣಗಿದ್ದರೆ ಎತ್ತರ ಲೆಕ್ಕದಲ್ಲಿ ಬಂದರೂ ಆ ಭಾಗ ಇಂಪ್ಲಾಂಟ್‌ಗೆ ಉಪಯೋಗವಿಲ್ಲ. ಎತ್ತರವನ್ನು ಎಲ್ಲಿಂದ ಹಿಡಿದರು ಅಂತ ಕೇಳಿ.

ಮತ್ತೊಬ್ಬ ಸದಸ್ಯರು: ಮೇಡಂ, ನನ್ನ ಸ್ಕ್ಯಾನ್‌ನ ವಾಕ್ಸೆಲ್ 0.2 ಮಿಮೀ. 0.1ರಲ್ಲಿ ಮತ್ತೆ ತೆಗೆಸಲಾ? ಮುಂದಿನ ಹಲ್ಲಿನ ಹೊರಗಡೆ ಮೂಳೆಯೇ ಇಲ್ಲ ಅಂತ ರಿಪೋರ್ಟ್ ಇದೆ.

ಉತ್ತರ: ಸುಮ್ನೆ ಮತ್ತೆ ತೆಗೆಸಬೇಡಿ. ವಾಕ್ಸೆಲ್ ಅಂದರೆ ಚಿತ್ರವನ್ನು ಕಟ್ಟುವ ಪುಟ್ಟ ಘನ. ಅದು ಚಿಕ್ಕದಾದಷ್ಟೂ ಅಳತೆ ನಿಖರ ಅಂತೇನಿಲ್ಲ. ಚಿಕ್ಕ ವಾಕ್ಸೆಲ್‌ಗೆ ಬಹಳಷ್ಟು ಯಂತ್ರಗಳಲ್ಲಿ ವಿಕಿರಣವೂ ಸಮಯವೂ ಜಾಸ್ತಿ ಬೇಕು, ಅಷ್ಟು ಹೊತ್ತು ತಲೆ ಅಲುಗಿದರೆ ಲಾಭವೆಲ್ಲ ಹೋಯಿತು. ಇಂಪ್ಲಾಂಟ್ ಯೋಜನೆಗೆ 0.2 ಚೆನ್ನಾಗಿಯೇ ಸಾಕು.

‘ಮೂಳೆ ಇಲ್ಲ’ ಅನ್ನುವುದನ್ನು ಮಾತ್ರ ಹಾಗೇ ಒಪ್ಪಬೇಡಿ. ಅಲ್ಲಿ ಮೂಳೆ ಎಷ್ಟೋ ಜನರಲ್ಲಿ 1 ಮಿಮೀಗಿಂತ ತೆಳು. ಒಂದೇ ವಾಕ್ಸೆಲ್‌ನಲ್ಲಿ ಅರ್ಧ ಮೂಳೆ, ಅರ್ಧ ವಸಡು ಬಂದರೆ ಎರಡರ ಸರಾಸರಿ ಬಣ್ಣ ಬಂದು ಅಂಚು ಮಾಯವಾಗುತ್ತದೆ. ಪಕ್ಕದಲ್ಲಿ ಲೋಹದ ಕ್ಯಾಪ್ ಇದ್ದರಂತೂ ಅದರ ಕಪ್ಪು ಪಟ್ಟಿ ಇದ್ದ ಮೂಳೆಯನ್ನೂ ಅಳಿಸಿಬಿಡುತ್ತದೆ. ಅನುಮಾನವಿದ್ದರೆ ಡಾಕ್ಟರು ವಸಡು ಬಿಡಿಸಿದಾಗ ಕಣ್ಣಾರೆ ನೋಡುತ್ತಾರೆ.

ಇನ್ನೊಬ್ಬರು: ಸಾಂದ್ರತೆ 850 ಎಚ್‌ಯು ಅಂತ ಬರೆದಿದ್ದಾರೆ. ಒಳ್ಳೆಯದಾ?

ಉತ್ತರ: ಎಚ್‌ಯು ಅನ್ನುವುದು ಆಸ್ಪತ್ರೆಯ ದೊಡ್ಡ ಸಿಟಿ ಸ್ಕ್ಯಾನ್‌ನಲ್ಲಿ ಸಾಂದ್ರತೆಯ ಮಾಪನ. ಸಿಬಿಸಿಟಿಯ ಬೂದು ಬಣ್ಣದ ಅಂಕಿಗಳು ಯಂತ್ರದಿಂದ ಯಂತ್ರಕ್ಕೆ ಬೇರೆ. ಉದ್ದ, ಅಗಲಕ್ಕೆ ಸಿಬಿಸಿಟಿ ಸರಿ, ಗಟ್ಟಿತನಕ್ಕೆ ಆ 850 ನಂಬಬೇಡಿ.

ಮೊದಲು ಕೇಳಿದವರು: ಧನ್ಯವಾದ ಮೇಡಂ. ಬೇರೆ ಡಾಕ್ಟರಿಗೂ ತೋರಿಸಬೇಕು, ಪ್ರಿಂಟ್ ಸಾಕಾ?

ಉತ್ತರ: ಪ್ರಿಂಟ್‌ನ ಅಳತೆ ಕಾಗದಕ್ಕೆ ತಕ್ಕಂತೆ ಕುಗ್ಗಿರಬಹುದು, ಅದರ ಮೇಲೆ ಸ್ಕೇಲ್ ಇಟ್ಟು ಅಳೆಯಬಾರದು. ಡೈಕಾಮ್ ಫೈಲ್ (ಸ್ಕ್ಯಾನ್‌ನ ಮೂಲ ಡಿಜಿಟಲ್ ಫೈಲ್) ಕೇಳಿ ತೆಗೆದುಕೊಳ್ಳಿ. ಅದಿದ್ದರೆ ಅವರೇ ಹೊಸದಾಗಿ ಕತ್ತರಿಸಿ ಅಳೆದುಕೊಳ್ಳುತ್ತಾರೆ.