ಅವ್ವನ ಇನ್ಸುಲಿನ್ ಪುಣೆಗೆ ಒಯ್ಯೋದು ಹ್ಯಾಂಗ್ರೀ? ಸಹಾಯ ಬೇಕು
ನಮಸ್ಕಾರ್ರೀ ಎಲ್ಲಾರಿಗೂ, ನಾವು ಮಾನ್ವಿಯವ್ರು, ಅಕ್ಕನ ಬಾಣಂತನಕ್ಕಂತ ಅವ್ವ ರಾಯಚೂರಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಪುಣೆಗೆ ಹೊಂಟಾಳ, ಮೂರು ತಿಂಗಳು ಅಲ್ಲೇ ಇರ್ತಾಳ. ಗ್ಲಾರ್ಜಿನ್ ಅನ್ನೋ ಇನ್ಸುಲಿನ್ ಪೆನ್, ಥೈರಾಯ್ಡ್ ಗುಳಿಗಿ ಎರಡೂ ದಿನಾ ಬೇಕು, ಆದ್ರ ಇಲ್ಲಿ ಮೆಡಿಕಲ್‌ನವ್ರು ಒಂದು ತಿಂಗಳದ್ದಷ್ಟೇ ಕೊಡ್ತೀವಿ ಅಂತಾರ. ಹೊಸಾ ಪೆನ್ 2ರಿಂದ 8 ಡಿಗ್ರಿಯೊಳಗ ಇರಬೇಕು, ನಮ್ಮ ರಾಯಚೂರು ಬಿಸಲಂತೂ ನಿಮಗ ಗೊತ್ತದಲ್ಲ, ಹಂಗಂತ ಐಸ್ ಮ್ಯಾಲೆ ಇಟ್ರ ಹೆಪ್ಪುಗಟ್ಟಿ ಕೆಡ್ತದ. ರೈಲಿನಾಗ ಇನ್ಸುಲಿನ್ ತಂಪಿಡಾಕ ಯಾವ ಪೌಚ್ ಚಲೋರೀ? ಇನ್ನೊಂದು, ಇಲ್ಲಿ ಡಾಕ್ಟರ್ ಬರದ ಚೀಟಿ ತೋರ್ಸಿದ್ರ ಪುಣೆಯಾಗ ತಕರಾರಿಲ್ದ ಕೊಡ್ತಾರೇನು, ಕಂಪನಿ ಹೆಸರಿನ ಬದ್ಲಿ ಔಷಧದ ಹೆಸರು, ಡೋಸು ದೊಡ್ಡಕ್ಷರದಾಗ ಬರಸ್ಕೊಂಡು ಹೋಗ್ಲೇನು? ಅವ್ವಗ ಮರಾಠಿನೂ ಬರಂಗಿಲ್ಲ, ಹಿಂದಿನೂ ಅಷ್ಟಕ್ಕಷ್ಟೇ. ಪುಣೆಯಾಗ ಇರೋರು ಯಾರರ ಇದ್ರ ದಯವಿಟ್ಟು ಹೇಳ್ರೀ.